ಓದುಗರ ಪ್ರಶ್ನೆ: ಕಬ್ಬಿನ ತುದಿಯಲ್ಲಿ ಕೂತ ಕಾವಲು

ಎರಡು ಸಂಚಿಕೆಗಳ ಹಿಂದೆ, ಮಗುವೊಂದರ ಜ್ವರದ ಬಗ್ಗೆ ಉತ್ತರಿಸುವಾಗ ‘ರಕ್ತದಲ್ಲಿ ಪ್ರತಿಕಾಯ ಹೆಚ್ಚಿದ ಮಾತ್ರಕ್ಕೆ ಸೋಂಕು ಹತೋಟಿಗೆ ಬಂತೆಂದು ತಿಳಿಯಬೇಡಿ’ ಎಂದು ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದುಕೊಂಡು ಬಂದಿವೆ. ಮೂವತ್ತೊಂದು ವರ್ಷ ಉತ್ತರ ಕರ್ನಾಟಕದ ಮೆಡಿಕಲ್ ಕಾಲೇಜೊಂದರ ಮೈಕ್ರೋಬಯಾಲಜಿ ವಿಭಾಗದಲ್ಲಿ ಸೀರಮ್ ಟ್ಯೂಬು, ಕಲ್ಚರ್ ಪ್ಲೇಟುಗಳ ನಡುವೆ ಕಳೆದವಳು ನಾನು. (ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಪ್ರತಿಕಾಯ ಇರುವುದು ಅದರಲ್ಲೇ. ಕಲ್ಚರ್ ಎಂದರೆ ರೋಗಾಣುವನ್ನು ಬೆಳೆಸಿ ನೋಡುವುದು.) ಈ ಪ್ರಶ್ನೆಗಳನ್ನು ಓದುವಾಗ ಆ ಮೇಜಿನ ಮುಂದೆ ಮತ್ತೆ ಕೂತ ಹಾಗಾಯಿತು. ಬೇರೆ ಪತ್ರಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮ ಅಮ್ಮನಿಗೆ 61 ವರ್ಷ. ಚಿಕ್ಕ ವಯಸ್ಸಿನಲ್ಲಿ ಟಿಬಿ ಬಂದು ವಾಸಿಯಾಗಿತ್ತು. ಈಗ ಎಂಟು ವರ್ಷಗಳಿಂದ ಬ್ರಾಂಕಿಯೆಕ್ಟಾಸಿಸ್. ಬೆಳಿಗ್ಗೆ ಅವರ ಕೆಮ್ಮಿಗೇ ಮನೆಯವರೆಲ್ಲ ಏಳುತ್ತೇವೆ. ಹಸಿರು ಬಣ್ಣದ ಕಫ. ಕಲ್ಚರ್ ಮಾಡಿಸಿದಾಗಲೆಲ್ಲ ಸ್ಯೂಡೋಮೊನಾಸ್ ಎಂದು ಬರುತ್ತದೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳು, ಅಲ್ಲಿ ಇಂಥದೇ ರೋಗಿಗಳ ರಕ್ತದಿಂದ ಆಂಟಿಬಾಡಿ ತೆಗೆದುಹಾಕಿದ ಮೇಲೆ ಗುಣ ಕಂಡಿತು ಎಂದಳು. ತೆಗೆದರೆ ಗುಣವೇ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಡಾಕ್ಟರಮ್ಮ? ನಮ್ಮ ಅಮ್ಮನಿಗೂ ಹಾಗೆ ಮಾಡಿಸಬಹುದೆ?
— ಶಾಲಾ ಶಿಕ್ಷಕಿ, ತರೀಕೆರೆ

ಉತ್ತರ: ನಿಮ್ಮ ತಂಗಿ ಹೇಳಿದ್ದು ನಿಜ. ಆದರೆ ಅದು ಎಷ್ಟರ ಮಟ್ಟಿಗೆ ನಿಜ, ನಿಮ್ಮ ಅಮ್ಮನಿಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ನಿಧಾನವಾಗಿ ಹೇಳಬೇಕು.

ಟಿಬಿಯಿಂದ ಒಮ್ಮೆ ಹಾಳಾದ ಶ್ವಾಸನಾಳದ ಗೋಡೆ ಸಡಿಲಾಗಿ ಅಗಲವಾಗುತ್ತದೆ, ಮತ್ತೆ ಮೊದಲಿನಂತೆ ಬಿಗಿಯಾಗುವುದಿಲ್ಲ. ಅದೇ ಬ್ರಾಂಕಿಯೆಕ್ಟಾಸಿಸ್. ಅಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ರೋಗಾಣು ಮನೆ ಮಾಡುತ್ತದೆ. 2019ರಲ್ಲಿ ಪ್ರಕಟವಾದ ಭಾರತದ ಬ್ರಾಂಕಿಯೆಕ್ಟಾಸಿಸ್ ನೋಂದಣಿಯಲ್ಲಿ 2,195 ರೋಗಿಗಳ ವಿವರವಿತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಮೂಲ ಕಾರಣ ಹಳೆಯ ಟಿಬಿ. ಕಫದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್. ಅಮ್ಮನದು ನಮ್ಮ ದೇಶದ ಎಷ್ಟೋ ಮನೆಗಳ ಕಾಯಿಲೆ. ಈ ಬ್ಯಾಕ್ಟೀರಿಯಾವನ್ನು ನಾನು ಮೂಗಿನಿಂದಲೇ ಗುರುತಿಸುತ್ತಿದ್ದೆ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದ ತಕ್ಷಣ ಹಣ್ಣಾದ ದ್ರಾಕ್ಷಿಯ ವಾಸನೆ ಬಂದರೆ, ಯಾವುದೋ ಪ್ಲೇಟಿನಲ್ಲಿ ನೀಲಿ ಹಸಿರು ಬಣ್ಣ ಹರಡಿರುತ್ತಿತ್ತು. ಆ ಬಣ್ಣ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಒಮ್ಮೆ ಶ್ವಾಸಕೋಶದಲ್ಲಿ ನೆಲೆಯೂರಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಇನ್ನು ಪ್ರತಿಕಾಯ, ಅಂದರೆ ಆಂಟಿಬಾಡಿ. ಅದು ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಹೋಗಿ ಅಂಟಿಕೊಳ್ಳುತ್ತದೆ, ‘ಇಲ್ಲಿದೆ’ ಎಂದು ಗುರುತು ಹಾಕುತ್ತದೆ. ಕೊಲ್ಲುವ ಕೆಲಸ ಬೇರೆಯವರದು. ಒಂದು, ರೋಗಾಣುವನ್ನು ನುಂಗುವ ಬಿಳಿ ರಕ್ತಕಣಗಳು. ಇನ್ನೊಂದು, ರಕ್ತದಲ್ಲೇ ಇರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲು. ಪ್ರತಿಕಾಯ ಕೂತ ಕಡೆ ಈ ಪ್ರೋಟೀನುಗಳು ಒಂದರ ಹಿಂದೆ ಒಂದು ಬಂದು ಸೇರಿ, ಕೊನೆಗೆ ಬ್ಯಾಕ್ಟೀರಿಯಾದ ಹೊರಪೊರೆಗೆ ತೂತು ಕೊರೆಯುತ್ತವೆ. ತೂತು ಬಿದ್ದರೆ ಅದು ಸತ್ತಿತು. ಇಲ್ಲಿ ಒಂದು ಮಾತು ಮುಖ್ಯ: ತೂತು ಪೊರೆಗೇ ಬೀಳಬೇಕು. ಪೊರೆಯಿಂದ ದೂರದಲ್ಲಿ ಎಷ್ಟು ಗದ್ದಲ ಎದ್ದರೂ ಬ್ಯಾಕ್ಟೀರಿಯಾಕ್ಕೆ ಏನೂ ಆಗದು.

ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯ ಕಣಗಳನ್ನು ಸಾಲಾಗಿ ಪೋಣಿಸಿದಂಥ ಉದ್ದನೆಯ ಎಳೆಗಳಿರುತ್ತವೆ. ಓ ಆಂಟಿಜೆನ್ ಎಂದು ಅದರ ಹೆಸರು. ಕಬ್ಬಿನ ಗದ್ದೆಯನ್ನು ನೆನಪಿಸಿಕೊಳ್ಳಿ. ಕಬ್ಬು ಎಷ್ಟೇ ಎತ್ತರ ಬೆಳೆದಿದ್ದರೂ ಕಡಿಯುವವನು ಬುಡಕ್ಕೆ ಬಗ್ಗಲೇಬೇಕು. ಸಾಧಾರಣವಾಗಿ ಒಂದಷ್ಟು ಪ್ರತಿಕಾಯಗಳು ಎಳೆಗಳ ಸಂದಿಯಲ್ಲಿ ನುಸುಳಿ ಬುಡದ ಹತ್ತಿರ ಕೂರುತ್ತವೆ, ಕಾಂಪ್ಲಿಮೆಂಟ್ ಅಲ್ಲಿಗೇ ಬಂದು ಪೊರೆ ಕೊರೆಯುತ್ತದೆ. ಆದರೆ ವರ್ಷಗಟ್ಟಲೆ ಸೋಂಕು ಹಾಗೇ ನಿಂತ ಕೆಲವರಲ್ಲಿ, ಎಳೆಗಳ ಮೇಲೆಯೇ ಕೂರುವ ಐಜಿಜಿ-2 ಎಂಬ ಜಾತಿಯ ಪ್ರತಿಕಾಯ ಅತಿಯಾಗಿ ತಯಾರಾಗುತ್ತದೆ. ಕಾಂಪ್ಲಿಮೆಂಟನ್ನು ಎಬ್ಬಿಸುವುದರಲ್ಲಿ ಈ ಜಾತಿ ದುರ್ಬಲ. ಅದು ಕಬ್ಬಿನ ಸೋಗೆಗಳ ಮೇಲೆ ಒತ್ತೊತ್ತಾಗಿ ಚಪ್ಪರ ಹಾಕಿಬಿಟ್ಟರೆ, ಕೆಲಸಕ್ಕೆ ಬರುವ ಬೇರೆ ಪ್ರತಿಕಾಯಗಳಿಗೆ ಬುಡಕ್ಕೆ ಇಳಿಯಲು ದಾರಿಯೇ ಇರುವುದಿಲ್ಲ. ಆದ್ದರಿಂದ ನಿಮ್ಮ ಗಾದೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ, ತಾಯಿ. ಈ ಬೇಲಿ ಹೊಲ ಮೇಯುತ್ತಿಲ್ಲ. ನಮ್ಮವರೇ ಕಟ್ಟಿದ ಬೇಲಿ ಕಳ್ಳನ ಮನೆಯ ಸುತ್ತ ಬಿದ್ದಿದೆ, ನಮ್ಮವರೇ ಒಳಗೆ ಹೋಗಲಾರದೆ ನಿಂತಿದ್ದಾರೆ.

ಇದು ಇತ್ತೀಚಿನ ಸುದ್ದಿ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. 1901ರಲ್ಲೇ ಜರ್ಮನಿಯ ಮ್ಯಾಕ್ಸ್ ನೈಸರ್ ಮತ್ತು ಫ್ರೀಡ್ರಿಕ್ ವೆಕ್ಸ್‌ಬರ್ಗ್ ಇದನ್ನು ಟ್ಯೂಬಿನಲ್ಲಿ ಕಂಡಿದ್ದರು. ಕಾಂಪ್ಲಿಮೆಂಟ್ ಅಷ್ಟೇ ಇಟ್ಟು, ಪ್ರತಿಕಾಯವಿರುವ ಸೀರಮನ್ನು ಹೆಚ್ಚಿಸುತ್ತ ಹೋದರು. ಒಂದು ಹಂತದವರೆಗೆ ಬ್ಯಾಕ್ಟೀರಿಯಾ ಸತ್ತವು. ಇನ್ನೂ ಹೆಚ್ಚು ಸೀರಮ್ ಹಾಕಿದಾಗ ಬದುಕಿಕೊಂಡವು. ಅದೇ ವರ್ಷ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಹುಮಾನ ಸೀರಮ್ ಚಿಕಿತ್ಸೆಗಾಗಿ ಎಮಿಲ್ ಫಾನ್ ಬೇರಿಂಗ್‌ಗೆ ಸಂದಿತು. ಡಿಫ್ತೀರಿಯಾದಿಂದ ಮಕ್ಕಳು ಉಳಿಯುತ್ತಿದ್ದ ಕಾಲ ಅದು. ಪ್ರತಿಕಾಯ ಅಡ್ಡಬರಬಹುದು ಎಂಬ ಮಾತು ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ 1966ರಲ್ಲಿ ಅಮೆರಿಕದ ವೈದ್ಯ ಬರ್ಟನ್ ವೈಸ್‌ಬ್ರೆನ್, ಸೋಂಕು ಬಿಡದೆ ಕಾಡುತ್ತಿದ್ದ ರೋಗಿಗಳ ಸೀರಮ್ ಸೇರಿಸಿದರೆ ಆರೋಗ್ಯವಂತರ ಸೀರಮ್‌ನ ಕೊಲ್ಲುವ ಶಕ್ತಿಯೂ ಕುಗ್ಗುತ್ತದೆ ಎಂದು ತೋರಿಸಿದರು. ನಾನು ಓದುವಾಗ ಪಠ್ಯಪುಸ್ತಕದಲ್ಲಿ ಇದಕ್ಕೆ ಇದ್ದದ್ದು ಒಂದು ಪ್ಯಾರಾ ಮಾತ್ರ. ಅದನ್ನು ನಾನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮುಂದೆ ಹೋಗಿದ್ದೆ.

ವಿಷಯ ಮತ್ತೆ ರೋಗಿಯ ಹಾಸಿಗೆಯ ಹತ್ತಿರ ಬಂದದ್ದು 2014ರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ವೆಲ್ಸ್ ಮತ್ತು ಸಂಗಡಿಗರು, ಬ್ರಾಂಕಿಯೆಕ್ಟಾಸಿಸ್ ಇದ್ದು ಸ್ಯೂಡೋಮೊನಾಸ್ ಹಿಡಿದಿದ್ದ ರೋಗಿಗಳ ಸೀರಮನ್ನು ಅವರವರದೇ ಕಫದಿಂದ ಬೆಳೆಸಿದ ಬ್ಯಾಕ್ಟೀರಿಯಾದ ಜೊತೆ ಬೆರೆಸಿ ನೋಡಿದರು. ಸುಮಾರು ಐವರಲ್ಲಿ ಒಬ್ಬರ ಸೀರಮ್ ತನ್ನದೇ ರೋಗಾಣುವನ್ನು ಕೊಲ್ಲಲಾರದಾಗಿತ್ತು. ಆ ಸೀರಮ್‌ನಲ್ಲಿ ಪ್ರತಿಕಾಯ ಕಡಿಮೆ ಇರಲಿಲ್ಲ, ಅತಿ ಹೆಚ್ಚಿತ್ತು. ಆ ಐಜಿಜಿ-2 ಅನ್ನು ಸೋಸಿ ತೆಗೆದ ಮೇಲೆ ಅದೇ ಸೀರಮ್ ಬ್ಯಾಕ್ಟೀರಿಯಾವನ್ನು ಕೊಂದಿತು. ಇಂಥ ಪ್ರತಿಕಾಯ ಇದ್ದವರ ಶ್ವಾಸಕೋಶದ ಶಕ್ತಿ ಉಳಿದ ರೋಗಿಗಳಿಗಿಂತ ಕುಗ್ಗಿಯೂ ಇತ್ತು.

ನಿಮ್ಮ ತಂಗಿ ಹೇಳಿದ ಚಿಕಿತ್ಸೆಯ ವರದಿ ಬಂದದ್ದು 2017ರಲ್ಲಿ. ಎಲ್ಲ ಔಷಧಗಳೂ ಸೋತಿದ್ದ ಇಬ್ಬರು ರೋಗಿಗಳಿಗೆ ಪ್ಲಾಸ್ಮಾಫೆರೆಸಿಸ್ ಮಾಡಿದರು. ಡಯಾಲಿಸಿಸ್‌ನಂತೆಯೇ ಯಂತ್ರಕ್ಕೆ ರಕ್ತ ಹರಿಸಿ, ಪ್ಲಾಸ್ಮಾವನ್ನು, ಅಂದರೆ ಪ್ರತಿಕಾಯಗಳಿರುವ ರಕ್ತದ ದ್ರವಭಾಗವನ್ನು, ಬೇರ್ಪಡಿಸಿ, ರಕ್ತಕಣಗಳನ್ನು ಮರಳಿ ಕೊಡುವ ಕ್ರಮ ಅದು. ಆಮೇಲೆ ರಕ್ತದಾನಿಗಳಿಂದ ಪಡೆದ ಪ್ರತಿಕಾಯಗಳನ್ನು ಕೊಟ್ಟರು. ಇಬ್ಬರ ರಕ್ತಕ್ಕೂ ರೋಗಾಣು ಕೊಲ್ಲುವ ಶಕ್ತಿ ಮರಳಿತು, ಆರೋಗ್ಯವೂ ಸುಧಾರಿಸಿತು. ಓದಿದಾಗ ನನಗೆ ಬಹಳ ಸಂತೋಷವಾಯಿತು. 1901ರ ಟ್ಯೂಬಿನಲ್ಲಿ ಕಂಡದ್ದು ನೂರಹದಿನಾರು ವರ್ಷಗಳ ಮೇಲೆ ಇಬ್ಬರ ಉಸಿರಿಗೆ ನೆರವಾಯಿತಲ್ಲ!

ಆದರೂ, ಇಬ್ಬರೇ ರೋಗಿಗಳು. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಪ್ಲಾಸ್ಮಾ ತೆಗೆದರೆ ಕೆಟ್ಟ ಪ್ರತಿಕಾಯದ ಜೊತೆ ಒಳ್ಳೆಯವೂ ಹೋಗುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಹೋಗುತ್ತವೆ. ಇದಕ್ಕಾಗಿ ಸಾಮಾನ್ಯವಾಗಿ ದೊಡ್ಡ ರಕ್ತನಾಳಕ್ಕೇ ನಳಿಕೆ ಹಾಕಬೇಕಾಗುತ್ತದೆ, ಅದರಿಂದಲೇ ಹೊಸ ಸೋಂಕು ಬರಬಹುದು. ಎಲ್ಲಕ್ಕಿಂತ ಮೊದಲು, ನಿಮ್ಮ ಅಮ್ಮನ ಸೀರಮ್ ಅವರದೇ ಸ್ಯೂಡೋಮೊನಾಸನ್ನು ಕೊಲ್ಲುತ್ತದೋ ಇಲ್ಲವೋ ಎಂದು ತಿಳಿಯಬೇಕು. ಅದು ಸಂಶೋಧನಾ ಲ್ಯಾಬುಗಳಲ್ಲಿ ಮಾಡುವ ಪರೀಕ್ಷೆ, ಪೇಟೆಯ ಲ್ಯಾಬಿನ ಪಟ್ಟಿಯಲ್ಲಿ ಸಿಗುವಂಥದಲ್ಲ. ಬರ್ಮಿಂಗ್‌ಹ್ಯಾಮ್‌ನವರ ಲೆಕ್ಕದಲ್ಲೇ ಐವರಲ್ಲಿ ನಾಲ್ವರಿಗೆ ಈ ತೊಂದರೆ ಇರಲಿಲ್ಲ. ಅಂಥವರ ಪ್ರತಿಕಾಯ ತೆಗೆದರೆ ಆಗುವುದು ಕೇಡು. ದಯವಿಟ್ಟು ಇದಕ್ಕಾಗಿ ಸಾಲ ಮಾಡಿ ಓಡಾಡಬೇಡಿ.

ಅದರ ಬದಲು, ಅಮ್ಮನಿಗೆ ರಕ್ತದ ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಪರೀಕ್ಷೆ ಆಗಿದೆಯೇ ಎಂದು ಶ್ವಾಸಕೋಶದ ಡಾಕ್ಟರನ್ನು ಕೇಳಿ. ಪ್ರತಿಕಾಯ *ಕಡಿಮೆ* ಇರುವುದೂ ಬ್ರಾಂಕಿಯೆಕ್ಟಾಸಿಸ್‌ಗೆ ಒಂದು ಕಾರಣ, ಅದಕ್ಕೆ ಚಿಕಿತ್ಸೆಯಿದೆ. ಟಿಬಿ ಮರಳಿಲ್ಲ, ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ಸೇರಿಕೊಂಡಿಲ್ಲ ಎಂಬುದನ್ನೂ ಕಫದಲ್ಲಿ ನೋಡಿಸಬೇಕು. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕಫದ ಕಲ್ಚರ್ ಕೊಡಿ. ನೆಬುಲೈಸರ್ ಮೂಲಕ ಕೊಡುವ ಆಂಟಿಬಯೋಟಿಕ್ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಮತ್ತು ದಿನಾ ಎರಡು ಹೊತ್ತು, ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಕಫ ಹೊರಹಾಕುವ ಉಸಿರಿನ ಅಭ್ಯಾಸ. ನಿಂತ ಕಫ ಹೋದಷ್ಟೂ ರೋಗಾಣುವಿಗೆ ಜಾಗ ಕಡಿಮೆ. ಇದು ಸಣ್ಣ ಮಾತೆಂದು ಬಿಡಬೇಡಿ. ಮನೆಯಲ್ಲಿ ಒಬ್ಬರು ಜೊತೆಗೆ ಕೂತು ಮಾಡಿಸಿದರೆ ಹಿರಿಯರು ತಪ್ಪಿಸುವುದಿಲ್ಲ.

ಪ್ರಶ್ನೆ: ವಿಡಾಲ್ ಟೆಸ್ಟಿನಲ್ಲಿ ನನಗೆ ‘ಓ’ 1:320 ಬಂದಿದೆ. ನನ್ನ ತಮ್ಮನಿಗೆ 1:80. ಅಂದರೆ ನನ್ನ ದೇಹ ಟೈಫಾಯಿಡ್ ಜೊತೆ ಜೋರಾಗಿ ಹೋರಾಡುತ್ತಿದೆ ಎಂದು ಅರ್ಥವೆ?
— ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ಹಾಗೆ ಅರ್ಥವಲ್ಲ. 1:320 ಎಂದರೆ ನಿಮ್ಮ ಸೀರಮನ್ನು 320 ಪಟ್ಟು ತೆಳು ಮಾಡಿದರೂ ಬ್ಯಾಕ್ಟೀರಿಯಾ ಗಂಟುಕಟ್ಟಿತು ಎಂದಷ್ಟೆ. ಪ್ರತಿಕಾಯ ಎಷ್ಟಿದೆ ಎಂದು ಅದು ಹೇಳುತ್ತದೆ, ಅದು ಏನು ಕೆಲಸ ಮಾಡುತ್ತಿದೆ ಎಂದು ಹೇಳುವುದಿಲ್ಲ. ಅಂದಹಾಗೆ, ನಿಮ್ಮ ವರದಿಯಲ್ಲಿರುವ ಆ ‘ಓ’ ಮೇಲಿನ ಉತ್ತರದಲ್ಲಿ ಹೇಳಿದ ಸಕ್ಕರೆ ಎಳೆಯೇ. ಗಂಟುಕಟ್ಟಿಸುವುದು ಬೇರೆ, ಕೊಲ್ಲುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಎಷ್ಟೋ ಮನೆಗಳಲ್ಲಿ ವಿಡಾಲ್ ಸಂಖ್ಯೆಯನ್ನು ಪರೀಕ್ಷೆಯ ಮಾರ್ಕಿನ ಹಾಗೆ ಹೋಲಿಸುತ್ತಾರೆ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ಹಿಂದೆ ಯಾವಾಗಲೋ ಬಂದು ಹೋದ ಸೋಂಕಿನಿಂದಲೂ ಈ ಸಂಖ್ಯೆ ಏರಿರಬಹುದು. ಒಂದೇ ಒಂದು ವಿಡಾಲ್ ನೋಡಿ ಟೈಫಾಯಿಡ್ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಜ್ವರದ ಮೊದಲ ವಾರದಲ್ಲೇ, ಮಾತ್ರೆ ನುಂಗುವ ಮೊದಲು, ಬ್ಲಡ್ ಕಲ್ಚರ್ ಕೊಡುವುದು ಸರಿಯಾದ ದಾರಿ. ತಮ್ಮನಿಗೆ ಜ್ವರ ಬಿಟ್ಟಿಲ್ಲವಾದರೆ 1:80 ಎಂದು ನಿರಾಳವಾಗಿ ಕೂರಬೇಡಿ, ಇಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನಮಸ್ಕಾರ್ರೀ ಡಾಕ್ಟರ್ ಅಕ್ಕಾರ. ನಮ್ಮ ಅಪ್ಪಾರು ಕುರಿ ಕಾಯೋರು. ಎರಡು ತಿಂಗಳಿಂದ ಸಂಜೀಕೆ ಜ್ವರ, ಬೆವರು, ಸೊಂಟ ನೋವು. ಒಂದು ಲ್ಯಾಬಿನ್ಯಾಗ ಬ್ರುಸೆಲ್ಲಾ ಇಲ್ಲ ಅಂದ್ರು. ಹದಿನೈದು ದಿನ ಬಿಟ್ಟು ಇನ್ನೊಂದು ಲ್ಯಾಬಿನ್ಯಾಗ ಭಾಳ ಐತಿ ಅಂದ್ರು. ಯಾವುದನ್ನ ನಂಬಬೇಕ್ರಿ?
— ಡಿಗ್ರಿ ವಿದ್ಯಾರ್ಥಿ, ವಿಜಯಪುರ ಜಿಲ್ಲೆ

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ನನ್ನ ಕೆಲಸದ ಮೊದಲ ವರ್ಷ ಕಣ್ಣ ಮುಂದೆ ಬಂತು. ಆಗ ನಮ್ಮಲ್ಲಿಗೂ ಒಬ್ಬ ಕುರಿಗಾಹಿಯ ಸೀರಮ್ ಬಂದಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಬ್ರುಸೆಲ್ಲಾ ಎಂದರೆ ಕುರಿ, ದನಗಳಿಂದ ಮನುಷ್ಯರಿಗೆ ಬರುವ ಜ್ವರದ ಬ್ಯಾಕ್ಟೀರಿಯಾ. ಅದರ ಪರೀಕ್ಷೆಯಲ್ಲಿ ಸೀರಮನ್ನು 1:20, 1:40, 1:80 ಹೀಗೆ ತೆಳು ಮಾಡುತ್ತ ಟ್ಯೂಬುಗಳ ಸಾಲು ಇಡುತ್ತೇವೆ. ಪ್ರತಿಕಾಯ ಇದ್ದರೆ ಬ್ಯಾಕ್ಟೀರಿಯಾ ಗಂಟುಕಟ್ಟಿ ತಳಕ್ಕೆ ಹಾಸಿದಂತೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಅಂದು ಮೊದಲ ಮೂರು ಟ್ಯೂಬು ಹಾಗೇ ಹಾಲುಹಾಲಾಗಿ ನಿಂತಿದ್ದವು. ನಾನು ‘ನೆಗೆಟಿವ್’ ಎಂದು ಬರೆಯಲು ಪೆನ್ನು ತೆಗೆದೆ. ನನಗಿಂತ ಇಪ್ಪತ್ತು ವರ್ಷ ಹಿರಿಯರಾಗಿದ್ದ ಟೆಕ್ನಿಷಿಯನ್, ‘ಮೇಡಮ್ಮಾರ, ಸಾಲು ಪೂರ್ತಿ ನೋಡಿ ಬರೀರಿ’ ಎಂದರು. ನಾಲ್ಕನೆಯ ಟ್ಯೂಬು, 1:160, ತಿಳಿಯಾಗಿತ್ತು. ಐದನೆಯದೂ. 1:1280ರವರೆಗೂ ತಿಳಿ. ಅವರು ತಡೆಯದಿದ್ದರೆ ಆ ಮನುಷ್ಯ ಜ್ವರ ಹೊತ್ತುಕೊಂಡೇ ಮತ್ತೆ ಕುರಿ ಹಿಂದೆ ಹೋಗುತ್ತಿದ್ದರು.

ಇದಕ್ಕೆ ಪ್ರೋಜೋನ್ ಎನ್ನುತ್ತೇವೆ. ಗಂಟು ಬೀಳಬೇಕಾದರೆ ಒಂದು ಪ್ರತಿಕಾಯ ಒಂದು ಕೈಯಲ್ಲಿ ಒಂದು ಬ್ಯಾಕ್ಟೀರಿಯಾವನ್ನೂ ಇನ್ನೊಂದು ಕೈಯಲ್ಲಿ ಮತ್ತೊಂದನ್ನೂ ಹಿಡಿಯಬೇಕು. ಪ್ರತಿಕಾಯ ವಿಪರೀತವಿದ್ದಾಗ ಪ್ರತಿ ಬ್ಯಾಕ್ಟೀರಿಯಾದ ಮೈಯೂ ತುಂಬಿಹೋಗಿರುತ್ತದೆ, ಎರಡನೆಯ ಕೈಗೆ ಹಿಡಿಯಲು ಜಾಗ ಸಿಗುವುದಿಲ್ಲ. ಬ್ರುಸೆಲ್ಲಾದಲ್ಲಿ, ಅಂಟಿಕೊಂಡು ಜಾಗ ಹಿಡಿದರೂ ಗಂಟುಕಟ್ಟಿಸಲಾರದ ‘ತಡೆ ಪ್ರತಿಕಾಯ’ಗಳೂ ಇರುತ್ತವೆ. ತೆಳು ಮಾಡುತ್ತ ಹೋದರೆ ಮಾತ್ರ ಗಂಟು ಕಾಣುತ್ತದೆ. ಇದು ಟ್ಯೂಬಿನೊಳಗಿನ ತೊಡಕು. ಇದನ್ನು ನೋಡಿ ಅಪ್ಪಾರ ದೇಹದೊಳಗೂ ಪ್ರತಿಕಾಯ ಅಡ್ಡ ನಿಂತಿದೆ ಎಂದು ಹೇಳಲು ಬರುವುದಿಲ್ಲ. ತರೀಕೆರೆಯ ಪತ್ರಕ್ಕೆ ಬರೆದ ಉತ್ತರದ ಜೊತೆ ಇದನ್ನು ಬೆರೆಸಿಕೊಳ್ಳಬೇಡ.

ಮೊದಲ ಲ್ಯಾಬಿನವರು ಹೆಚ್ಚು ತೆಳು ಮಾಡಿ ನೋಡಿರಲಿಕ್ಕಿಲ್ಲ. ಅಥವಾ ಹದಿನೈದು ದಿನಗಳಲ್ಲಿ ಪ್ರತಿಕಾಯ ನಿಜವಾಗಿಯೂ ಏರಿರಬಹುದು. ಎರಡೂ ವರದಿ ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಯ ಫಿಜಿಷಿಯನ್ ಹತ್ತಿರ ಹೋಗು. ಕುರಿ ಕಾಯುವವರು, ಸಂಜೆಯ ಜ್ವರ, ಸೊಂಟ ನೋವು, ಇಷ್ಟು ಕೇಳಿದರೇ ಅವರಿಗೆ ಅರ್ಥವಾಗುತ್ತದೆ. ಔಷಧ ಸಾಮಾನ್ಯವಾಗಿ ಆರು ವಾರ, ಎರಡು ಬಗೆಯದು ಒಟ್ಟಿಗೆ. ಜ್ವರ ಬಿಟ್ಟಿತೆಂದು ಮೂರನೇ ವಾರಕ್ಕೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ. ಮನೆಯಲ್ಲಿ ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಿರಿ. ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟಬೇಡಿ. ನಿನಗೂ ಅವ್ವನಿಗೂ ಜ್ವರವಿದ್ದರೆ ಜೊತೆಗೇ ಪರೀಕ್ಷೆ ಮಾಡಿಸು.

ಪ್ರಶ್ನೆ: ನಿಮ್ಮ ಹಳೆಯ ಉತ್ತರ ಓದಿದಾಗಿನಿಂದ ಭಯವಾಗಿದೆ ಮೇಡಂ. ಲಸಿಕೆ ಹಾಕಿಸುವುದೇ ಪ್ರತಿಕಾಯ ಹೆಚ್ಚಿಸಲು ಅಲ್ಲವೆ? ನನ್ನ ಮಗಳಿಗೆ ಒಂಬತ್ತು ತಿಂಗಳು. ಮುಂದಿನ ಲಸಿಕೆ ನಿಲ್ಲಿಸಲೆ?
— ಗೃಹಿಣಿ, ಮೈಸೂರು

ಉತ್ತರ: ನಿಲ್ಲಿಸಬೇಡಿ. ಈ ವಾರವೇ ಹೋಗಿ ಹಾಕಿಸಿ. ನನ್ನ ಒಂದು ಸಾಲಿನಿಂದ ನಿಮಗೆ ಇಂಥ ಭಯ ಹುಟ್ಟಿದ್ದಕ್ಕೆ ನನಗೆ ನಿಜಕ್ಕೂ ನೋವಾಗಿದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಫ್ರಿಕಾದ ಮಲಾವಿ ದೇಶದಲ್ಲಿ ಬ್ಲಾಂಟೈರ್ ಎಂಬ ಊರಿದೆ. ಟೈಫಾಯಿಡ್ ಅಲ್ಲದ ಬೇರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಇಳಿದು ಅಲ್ಲಿನ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಕಾಲ್ಮನ್ ಮ್ಯಾಕ್‌ಲೆನನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು ಇದು: ಈ ಸೋಂಕಿಗೆ ಸಿಕ್ಕಿಕೊಳ್ಳುತ್ತಿದ್ದವರು ಹೆಚ್ಚಾಗಿ ಎರಡು ವರ್ಷದೊಳಗಿನ, ಇನ್ನೂ ಪ್ರತಿಕಾಯ ಮೂಡದ ಮಕ್ಕಳು. ಪ್ರತಿಕಾಯ ಬಂದ ಮಕ್ಕಳ ಸೀರಮ್ ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು, ಅವರು ಉಳಿಯುತ್ತಿದ್ದರು. ಎರಡು ವರ್ಷಗಳ ಮೇಲೆ, 2010ರಲ್ಲಿ, ಅದೇ ಊರಿನ ಎಚ್‌ಐವಿ ಸೋಂಕಿತ ವಯಸ್ಕರನ್ನು ಅದೇ ತಂಡ ನೋಡಿತು. ಇವರಲ್ಲಿ ಹಲವರಿಗೆ ಸಕ್ಕರೆ ಎಳೆಯ ವಿರುದ್ಧದ ಪ್ರತಿಕಾಯ ಬಹಳವಿತ್ತು, ಆದರೆ ಸೀರಮ್ ಕೊಲ್ಲುತ್ತಿರಲಿಲ್ಲ. ಆ ಪ್ರತಿಕಾಯ ತೆಗೆದಾಗ ಕೊಂದಿತು. ಊರು ಒಂದೇ, ಬ್ಯಾಕ್ಟೀರಿಯಾ ಒಂದೇ. ಮಕ್ಕಳಿಗೆ ಪ್ರತಿಕಾಯವೇ ಜೀವ ಉಳಿಸಿತು. ಕಾಯಿಲೆಯಿಂದ ರೋಗನಿರೋಧಕ ವ್ಯವಸ್ಥೆ ಹದಗೆಟ್ಟ ದೊಡ್ಡವರಲ್ಲಿ ಮಾತ್ರ ಅದು ಎಡವಿತು.

ಇದೇ ಬ್ಲಾಂಟೈರ್‌ನಲ್ಲಿ ಮುಂದೆ ನಮ್ಮ ಹೈದರಾಬಾದಿನಲ್ಲಿ ತಯಾರಾದ ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ಒಂಬತ್ತು ತಿಂಗಳಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕೊಟ್ಟು ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶ: ಸುಮಾರು ಶೇ. 80ರಷ್ಟು ರಕ್ಷಣೆ. ಆ ಲಸಿಕೆ ಹುಟ್ಟಿಸುವುದೂ ಸಕ್ಕರೆಯ ವಿರುದ್ಧದ ಪ್ರತಿಕಾಯವನ್ನೇ; ಆದರೆ ಅದು ಓ ಎಳೆಯದಲ್ಲ, ಟೈಫಾಯಿಡ್ ಬ್ಯಾಕ್ಟೀರಿಯಾ ಹೊದ್ದಿರುವ ‘ವಿಐ’ ಎಂಬ ಹೊದಿಕೆಯದು. 2021ರಿಂದ ದೇಶದಾದ್ಯಂತ ಸರ್ಕಾರವೇ ಉಚಿತವಾಗಿ ಕೊಡುತ್ತಿರುವ ನ್ಯುಮೋಕಾಕಲ್ ಲಸಿಕೆಯದೂ ಅದೇ ಬಗೆ. ಅಲ್ಲಿ ಪ್ರತಿಕಾಯ ಹಾಕಿದ ಗುರುತು ನೋಡಿ ಬಿಳಿ ರಕ್ತಕಣಗಳು ಬಂದು ರೋಗಾಣುವನ್ನು ನುಂಗುತ್ತವೆ. ಡಿಫ್ತೀರಿಯಾ, ಧನುರ್ವಾಯು ಲಸಿಕೆಗಳ ಪ್ರತಿಕಾಯ ಬ್ಯಾಕ್ಟೀರಿಯಾ ಬಿಡುವ ವಿಷವನ್ನೇ ಹಿಡಿದು ನಿಲ್ಲಿಸುತ್ತದೆ. ಇವೆಲ್ಲ ಮಕ್ಕಳ ಮೇಲೆ ಪರೀಕ್ಷೆಯಾಗಿ, ರಕ್ಷಣೆ ಕೊಡುತ್ತವೆ ಎಂದು ಖಚಿತವಾದ ಮೇಲೆಯೇ ಬಳಕೆಗೆ ಬಂದಿವೆ.

ಎಡವಿದ ಲಸಿಕೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ವಿರುದ್ಧ ತಯಾರಾದ ವಿ710 ಎಂಬ ಲಸಿಕೆಯನ್ನು, ಎದೆಯ ಶಸ್ತ್ರಚಿಕಿತ್ಸೆಗೆ ಹೊರಟಿದ್ದ ಎಂಟು ಸಾವಿರದಷ್ಟು ಜನರಲ್ಲಿ ಪರೀಕ್ಷಿಸಿದರು. ಪ್ರತಿಕಾಯ ಚೆನ್ನಾಗಿಯೇ ಹುಟ್ಟಿತು. ರಕ್ಷಣೆ ಸಿಗಲಿಲ್ಲ. ಆಮೇಲೆ ಆ ಬ್ಯಾಕ್ಟೀರಿಯಾದ ಸೋಂಕು ತಗುಲಿದವರಲ್ಲಿ, ಲಸಿಕೆ ಪಡೆದವರ ಸಾವಿನ ಪ್ರಮಾಣ ಪಡೆಯದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಪ್ರಯೋಗ ನಿಲ್ಲಿಸಿದರು, 2013ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಹಿಂದೆಯೇ ಈ ಬ್ಯಾಕ್ಟೀರಿಯಾದ ಪರಿಚಯವಾಗಿದ್ದ ಇಲಿಗಳಲ್ಲಿ ಇಂಥ ಲಸಿಕೆ ಕೆಲಸಕ್ಕೆ ಬಾರದ ಹಳೆಯ ಪ್ರತಿಕಾಯವನ್ನೇ ಮತ್ತೆ ಎಬ್ಬಿಸುತ್ತದೆ, ಅದು ಒಳ್ಳೆಯದಕ್ಕೆ ಅಡ್ಡ ಬರುತ್ತದೆ ಎಂದು 2022ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ತಂಡ ತೋರಿಸಿತು. ಆ ಲಸಿಕೆ ಯಾವ ಆಸ್ಪತ್ರೆಗೂ ಬರಲಿಲ್ಲ. ಪ್ರಯೋಗದ ಕೆಲಸವೇ ಅದು, ಎಡವುವುದನ್ನು ಮನೆಯ ಹೊಸ್ತಿಲಿಗೆ ಬರುವ ಮೊದಲೇ ಹಿಡಿಯುವುದು. ನಿಮ್ಮ ಮಗಳಿಗೆ ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆಯನ್ನು ತಡ ಮಾಡಬೇಡಿ. ತಾಯಿ ಕಾರ್ಡ್ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರತಿಕಾಯ ಬೇರೆ ರೀತಿಯಲ್ಲೂ ತೊಂದರೆ ಕೊಡುವುದುಂಟೆ? ಸೀರಮ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದನ್ನು ನಮ್ಮ ಕಾಲೇಜು ಲ್ಯಾಬಿನಲ್ಲಿ ನೋಡಬಹುದೆ?
— ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಉಂಟು ಮಗಳೇ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ಕಾಯಿಲೆಯ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಆರ್‌ಎಂಪಿ ಎಂಬ ಪ್ರೋಟೀನ್ ಇದೆ. ಅದಕ್ಕೆ ಅಂಟುವ ಪ್ರತಿಕಾಯ, ಕೊಲ್ಲುವ ಪ್ರತಿಕಾಯಗಳನ್ನು ತಡೆಯುತ್ತದೆ. ಇದನ್ನು ಹೊಂದಿದ್ದ ಮಹಿಳೆಯರಿಗೆ ಆ ಸೋಂಕು ತಗುಲುವ ಸಾಧ್ಯತೆ ಹೆಚ್ಚು ಎಂದು ನೈರೋಬಿಯಲ್ಲಿ ನಡೆದ ಅಧ್ಯಯನ 1993ರಲ್ಲಿ ತೋರಿಸಿತು. ಇನ್ನೊಂದು ಬಗೆ ಪೂರ್ತಿ ಬೇರೆ. ಥೈಲ್ಯಾಂಡ್ ಮತ್ತು ತೈವಾನ್‌ನಲ್ಲಿ, ಎಚ್‌ಐವಿ ಇಲ್ಲದ ವಯಸ್ಕರಿಗೂ ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ಮೈಯೆಲ್ಲ ಹರಡುತ್ತಿದ್ದವು. 2012ರ ಅಧ್ಯಯನದಲ್ಲಿ ಇಂಥವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ, ತಮ್ಮದೇ ದೇಹದ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೋಟೀನನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯ ಸಿಕ್ಕಿತು. ಇದು ಬ್ಯಾಕ್ಟೀರಿಯಾವನ್ನು ಮುಟ್ಟುವುದೇ ಇಲ್ಲ. ನುಂಗುವ ಕಣಗಳಿಗೆ ಹೋಗಬೇಕಾದ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದೆ.

ಎರಡನೆಯ ಪ್ರಶ್ನೆಗೆ ನನಗೆ ಹೆಚ್ಚು ಖುಷಿಯಾಯಿತು. ನಿಮ್ಮ ಲ್ಯಾಬಿನಲ್ಲಿ ಇ. ಕೋಲಿ ಕೆ-12 ಎಂಬ ಬ್ಯಾಕ್ಟೀರಿಯಾ ಇದ್ದರೆ ಅದೇ ಸಾಕು. 1922ರಲ್ಲಿ ಒಬ್ಬ ರೋಗಿಯಿಂದ ಬೇರ್ಪಡಿಸಿದ ಈ ತಳಿ, ಲ್ಯಾಬುಗಳಲ್ಲಿ ಬೆಳೆಯುತ್ತ ಬೆಳೆಯುತ್ತ ತನ್ನ ಓ ಎಳೆಗಳನ್ನೇ ಕಳೆದುಕೊಂಡಿದೆ. ಕಬ್ಬು ಕಡಿದು ಬಯಲಾದ ಗದ್ದೆ. ಅಧ್ಯಾಪಕರ ಜೊತೆಯಲ್ಲೇ, ಸೋಂಕಿಲ್ಲವೆಂದು ಪರೀಕ್ಷೆಯಾದ ಸೀರಮ್ ತೆಗೆದುಕೊಳ್ಳಬೇಕು. ಸೀರಮ್ ತಾಜಾ ಇರಬೇಕು, ಹೊರಗೆ ಇಟ್ಟರೆ ಕಾಂಪ್ಲಿಮೆಂಟ್ ಬೇಗ ಕೆಡುತ್ತದೆ. ಅದರಲ್ಲಿ ಅರ್ಧವನ್ನು ವಾಟರ್ ಬಾತಿನಲ್ಲಿ 56 ಡಿಗ್ರಿಯಲ್ಲಿ 30 ನಿಮಿಷ ಇಡಿ. ಇದರಲ್ಲಿ ಪ್ರತಿಕಾಯ ಉಳಿಯುತ್ತದೆ, ಕಾಂಪ್ಲಿಮೆಂಟ್ ಹೋಗುತ್ತದೆ. ಎರಡರಲ್ಲೂ ಒಂದೇ ಅಳತೆಯ ಬ್ಯಾಕ್ಟೀರಿಯಾ ಬೆರೆಸಿ 37 ಡಿಗ್ರಿಯಲ್ಲಿ ಇಟ್ಟು, ಶುರುವಿನಲ್ಲಿ, 45ನೇ ನಿಮಿಷಕ್ಕೆ, 90ನೇ ನಿಮಿಷಕ್ಕೆ ತೆಗೆದು ಪ್ಲೇಟಿಗೆ ಹಚ್ಚಿ. ಮಾರನೆಯ ಬೆಳಿಗ್ಗೆ ಕಾಲೊನಿ ಎಣಿಸಿ. ಬಿಸಿ ಮಾಡಿದ ಸೀರಮ್‌ನ ಪ್ಲೇಟುಗಳ ಪಕ್ಕದಲ್ಲಿ ತಾಜಾ ಸೀರಮ್‌ನ ಪ್ಲೇಟುಗಳನ್ನು ಇಟ್ಟು ನೋಡಿದರೆ, ಕಾಂಪ್ಲಿಮೆಂಟ್ ಇಲ್ಲದೆ ಪ್ರತಿಕಾಯವೊಂದೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಎಂದು ಈ ಸಲ ನಾನು ಬರೆದದ್ದು ಒಂದೇ ನೋಟಕ್ಕೆ ಕಾಣುತ್ತದೆ. ಎಷ್ಟು ಕಾಲೊನಿ ಬಂದವು ಎಂದು ಮೂರೂ ಹೊತ್ತಿನ ಲೆಕ್ಕ ನನಗೆ ಬರೆದು ಕಳಿಸು.